ಸ್ಪೇರ್ ಗಾಯಕಿ

ಮೂರು ವರ್ಷ ನಾನು ಸುರೇಂದ್ರಣ್ಣನ ಆರ್ಕೆಸ್ಟ್ರಾದಲ್ಲಿ ಗಾಯಕಿಯಾಗಿದ್ದೆ. ಆ ಮೂರು ವರ್ಷದಲ್ಲಿ ವೇದಿಕೆಯ ಮೇಲೆ ಒಂದೇ ಒಂದು ಹಾಡನ್ನೂ ಹಾಡಲಿಲ್ಲ. ಯಾಕೆಂದರೆ ನಾನು ಸ್ಪೇರ್. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ನಗಲೇಬೇಕು ಎನ್ನುವವರು ಈಗಲೇ ನಕ್ಕು ಮುಗಿಸಿಬಿಡಿ, ಮಧ್ಯದಲ್ಲಿ ಕಿಸಕ್ ಅಂದರೆ ನನಗೆ ಸಿಟ್ಟು ಬರುತ್ತದೆ.

ಎಲ್ಲಕ್ಕೂ ಮೂಲ ಬಣಕಲ್ಲಿನ ಒಂದು ಮದುವೆ ರಿಸೆಪ್ಷನ್. ನಾನಾಗ ಇನ್ನೂ ಸೇರಿರಲಿಲ್ಲ, ರಿದಂ ಪ್ಯಾಡ್ ನುಡಿಸುವ ಅರುಣ ಹೇಳಿದ್ದು. ಮದುಮಕ್ಕಳು ವೇದಿಕೆ ಹತ್ತುವ ಹೊತ್ತಿಗೆ ಸರಿಯಾಗಿ ಕೀಬೋರ್ಡಿನ ಅಡಾಪ್ಟರ್ ಟಪ್ಪೆಂದು ಸುಟ್ಟುಹೋಯಿತು. ಇನ್ನೊಂದಿರಲಿಲ್ಲ. ಸುರೇಂದ್ರಣ್ಣ ಬೆವರು ಒರೆಸಿಕೊಳ್ಳುತ್ತ ನಿಂತಿರುವಾಗ ಹುಡುಗಿಯ ಸೋದರಮಾವ ಮೈಕು ಕಿತ್ತುಕೊಂಡು, ಕಾಳುಮೆಣಸಿನ ಬಳ್ಳಿಗೆ ಬರುವ ಸೊರಗು ರೋಗದ ಬಗ್ಗೆ ಊಟಕ್ಕೆ ಎಲೆ ಹಾಕುವವರೆಗೂ ಮಾತಾಡಿದನಂತೆ. ಜನ ಆರ್ಕೆಸ್ಟ್ರಾಕ್ಕಿಂತ ಅವನಿಗೇ ಜಾಸ್ತಿ ಚಪ್ಪಾಳೆ ತಟ್ಟಿದರಂತೆ. ಆ ಚಪ್ಪಾಳೆ ಸುರೇಂದ್ರಣ್ಣನ ತಲೆಗೆ ಹೊಕ್ಕಿತು. ಮಾರನೆಯ ದಿನವೇ ಚಿಕ್ಕಮಗಳೂರಿಗೆ ಹೋಗಿ ಇನ್ನೊಂದು ಅಡಾಪ್ಟರ್ ತಂದ. ಅಲ್ಲಿಗೇ ನಿಲ್ಲಿಸಿದ್ದರೆ ಬುದ್ಧಿವಂತ ಅನ್ನಬಹುದಿತ್ತು.

ನಿಲ್ಲಿಸಲಿಲ್ಲ. ಅಡಾಪ್ಟರಿನ ಹಿಂದೆ ಇನ್ನೊಂದು ಕೀಬೋರ್ಡು ಬಂತು. ಆಮೇಲೆ ಇನ್ನೊಂದು ಮಿಕ್ಸರು, ಇನ್ನೊಂದು ಜೋಡಿ ಸ್ಪೀಕರು, ಮೈಕು, ಸ್ಟ್ಯಾಂಡು, ವೈರಿನ ಸುರುಳಿ, ಕೊನೆಗೆ ಇನ್ನೊಂದು ಜನರೇಟರು. ಗಾಡಿ ಹೊರಡುವ ಮುಂಚೆ ಚಕ್ರದಡಿ ಇಡುತ್ತಾರಲ್ಲ, ಆ ನಿಂಬೆಹಣ್ಣಿಗೂ ಒಂದು ಸ್ಪೇರ್ ನಿಂಬೆಹಣ್ಣು. ಸಾಮಾನೆಲ್ಲ ಒಂದು ಪಿಕಪ್ಪಿನಲ್ಲಿ ಹಿಡಿಯದೆ ನಾವು ಸ್ಪೀಕರಿನ ಸಂದಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂರುತ್ತಿದ್ದೆವು. ನಮ್ಮ ಹಿಂದೆಯೇ ಇನ್ನೊಂದು ಪಿಕಪ್ಪು ಬರುತ್ತಿತ್ತು, ಪೂರ್ತಿ ಖಾಲಿ.

"ಸುರೇಂದ್ರಣ್ಣ, ಅದರಲ್ಲಿ ನಾವು ಕೂತ್ಕೋಬಹುದಲ್ಲ?" ಎಂದು ಒಂದು ಸಲ ಕೇಳಿದೆ.

"ಅದ್ರಲ್ಲಿ ಕೂತ್ರೆ ಅದು ಸ್ಪೇರ್ ಹೆಂಗಾಗ್ತದೆ ಮಾರಾಯ್ತಿ?" ಎಂದ, ನನ್ನ ತಲೆ ಸರಿ ಇದೆಯೋ ಇಲ್ಲವೋ ಎಂಬಂತೆ ನೋಡಿ.

ಹೀಗೆ ಎಲ್ಲಕ್ಕೂ ಜೊತೆ ಸಿಕ್ಕಿದ ಮೇಲೆ ಅವನ ಕಣ್ಣು ಮೇಘಕ್ಕನ ಮೇಲೆ ಬಿತ್ತು. ಮೇಘಶ್ರೀ ನಮ್ಮ ಗಾಯಕಿ, ಗಂಟಲು ಎಂದರೆ ಗಂಟಲು. ಆದರೆ ಒಂದೇ ಒಂದು ಇದ್ದಳು. ಆಗ ಮೂಡಿಗೆರೆಯ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತ ಹಾಡಿಕೊಳ್ಳುತ್ತಿದ್ದ ನಾನು, ಧನ್ಯಶ್ರೀ, ಅವನ ಕಿವಿಗೆ ಬಿದ್ದೆ. "ನಮ್ ಆರ್ಕೆಸ್ಟ್ರಾಕ್ಕೆ ಬರ್ತೀಯಾ?" ಎಂದ. ನನ್ನ ಕಾಲು ನೆಲದ ಮೇಲಿರಲಿಲ್ಲ. ಯಾವ ಕೆಲಸಕ್ಕೆ ಎಂದು ಕೇಳುವುದು ಹೊಳೆಯಲೇ ಇಲ್ಲ.

ಸ್ಪೇರ್ ಎಂದರೆ ಬಳಸುವಂತಿಲ್ಲ, ಬಳಸಿದರೆ ಸವೆಯುತ್ತದೆ. ಇದು ಅವನ ಶಾಸ್ತ್ರ. ಕಾರ್ಯಕ್ರಮ ಇದ್ದ ದಿನ ಬೆಳಿಗ್ಗೆ ಫೋನ್ ಮಾಡಿ "ಹಾಡಿದ್ಯಾ?" ಎಂದು ಕೇಳುತ್ತಿದ್ದ. ಇಲ್ಲ ಎಂದರೆ "ಒಳ್ಳೇದು" ಎನ್ನುತ್ತಿದ್ದ. ವೇದಿಕೆಯ ಹಿಂದೆ, ಕವರು ಹೊದ್ದ ಸಾಮಾನುಗಳ ಸಾಲಿನಲ್ಲಿ, ಎರಡು ಜನರೇಟರುಗಳ ಪಕ್ಕ ನನಗೊಂದು ಪ್ಲಾಸ್ಟಿಕ್ ಕುರ್ಚಿ, ಅದೂ ನಮ್ಮ ಜೊತೆಯೇ ಪಿಕಪ್ಪಿನಲ್ಲಿ ಬರುತ್ತಿತ್ತು. ಎರಡೂ ಜನರೇಟರು ಒಟ್ಟಿಗೇ ಓಡುತ್ತಿದ್ದವು. ಸ್ಪೇರ್ ಜನರೇಟರನ್ನು ಬೇಕಾದಾಗ ಸ್ಟಾರ್ಟ್ ಮಾಡಲು ಹೋದರೆ ಅದು ಕೈಕೊಟ್ಟರೆ ಎಂಬ ಭಯ. ಧೂಳು ಕೂರಬಾರದೆಂದು ನನಗೂ ಕೀಬೋರ್ಡಿನ ಕವರಿನ ಬಟ್ಟೆಯಲ್ಲೇ ಹೊಲಿಸಿದ ಒಂದು ಶಾಲು ಕೊಟ್ಟಿದ್ದ. ತಿಂಗಳಿಗೊಮ್ಮೆ ನನ್ನನ್ನು ಟೆಸ್ಟ್ ಮಾಡುವುದು. ಮೈಕಿನ ಮುಂದೆ ನಿಂತು "ಹಲೋ, ಚೆಕ್" ಅನ್ನಬೇಕು. ಅಂದರೆ, "ವರ್ಕಿಂಗ್" ಎಂದು ತಲೆಯಾಡಿಸಿ ಮತ್ತೆ ಶಾಲು ಹೊದಿಸುತ್ತಿದ್ದ.

ಮಳೆಗಾಲದ್ದು ಬೇರೆಯೇ ಕಥೆ. ನಮ್ಮ ಕಡೆ ಜೂನ್ ಹಿಡಿದರೆ ಚಪ್ಪಲಿಗೂ ಬೂಸ್ಟು, ಬೆಲ್ಟಿಗೂ ಬೂಸ್ಟು. ಆಂಪ್ಲಿಫೈಯರಿಗೆ ಥಂಡಿ ಹಿಡಿಯಬಾರದೆಂದು ಎಲ್ಲರೂ ಬೀರುವಿನೊಳಗೆ ಒಂದು ಬಲ್ಬು ಉರಿಸಿಡುತ್ತಾರೆ, ಸುರೇಂದ್ರಣ್ಣನೂ ಇಡುತ್ತಿದ್ದ. ನಾನು ಸೇರಿದ ಮೇಲೆ ಬೀರುವಿನ ಬಾಗಿಲು ತೆರೆದು, ಭಾನುವಾರ ಮಧ್ಯಾಹ್ನ ಮನೆಗೆ ಬಂದು ಆ ಬಲ್ಬಿನ ಎದುರು ಕೂತು ಹೋಗು ಎಂದು ಆಜ್ಞೆ ಮಾಡಿದ. ಹೋಗಿ ಕೂತಿದ್ದೇನೆ, ಸುಳ್ಳೇಕೆ ಹೇಳಲಿ. ಅವನ ಹೆಂಡತಿ ಚಾ ತಂದುಕೊಡುತ್ತಿದ್ದಳು, ಪಾಪ, ಏನೂ ಕೇಳುತ್ತಿರಲಿಲ್ಲ. ಹೊಸ ಸ್ಪೀಕರಿನ ಡಬ್ಬಿಯಲ್ಲಿ ಬರುತ್ತದಲ್ಲ, ತೇವ ಹೀರುವ ಬಿಳಿ ಹರಳಿನ ಪುಟ್ಟ ಪೊಟ್ಟಣ, ಅದರಲ್ಲಿ ಎರಡನ್ನು ನನ್ನ ಬ್ಯಾಗಿಗೂ ಹಾಕಿದ್ದ.

ಬಿಟ್ಟುಬಿಡಬಹುದಿತ್ತಲ್ಲ ಅನ್ನುತ್ತೀರಿ. ಅಜ್ಜಿ ಇದ್ದಳಲ್ಲ, ಬಿಡುವುದು ಹೇಗೆ?

ನನ್ನನ್ನು ಸಾಕಿದವಳು ನನ್ನ ಅಜ್ಜಿ ಹುಚ್ಚಮ್ಮ. ಬಾಳೂರಿನಿಂದ ಆಚೆ ಮಲ್ಲಿಕಾರ್ಜುನಪ್ಪನವರ ಎಸ್ಟೇಟಿನಲ್ಲಿ ಕೂಲಿಯಾಳುಗಳ ಸಾಲುಮನೆ, ಅಂದರೆ ಲೈನ್ ಮನೆಯಲ್ಲಿ ಇರುವವಳು, ಬುಟ್ಟಿ ಸೊಂಟಕ್ಕೆ ಕಟ್ಟಿಕೊಂಡು ಕಾಫಿ ಹಣ್ಣು ಕೊಯ್ದೇ ಮುದುಕಿಯಾದವಳು. ನಾನು ಆರ್ಕೆಸ್ಟ್ರಾ ಸೇರಿದೆ ಎಂದು ಗೊತ್ತಾದ ದಿನವೇ ಇಡೀ ಲೈನಿಗೆ ಬೆಲ್ಲ ಹಂಚಿದ್ದಳು. ಅಂದಿನಿಂದ ಗಿಡದ ಸಾಲಿನಲ್ಲಿ, ನಲ್ಲಿಯ ಹತ್ತಿರ, ರೇಷನ್ನಿನ ಕ್ಯೂನಲ್ಲಿ, ಎಲ್ಲಿ ನಿಂತರೂ ಒಂದೇ ಪುರಾಣ: ನನ್ನ ಮೊಮ್ಮಗಳು ಮೈಕಲ್ಲಿ ಹಾಡ್ತಾಳೆ. ಫೋನಿನಲ್ಲಿ "ನಿನ್ನೆ ಹಾಡಿದ್ಯೇನೇ?" ಎಂದು ಕೇಳಿದರೆ ನಾನು "ಕಾರ್ಯಕ್ರಮ ಚೆನ್ನಾಗಾಯ್ತು ಅಜ್ಜಿ" ಎನ್ನುತ್ತಿದ್ದೆ. ಕಾರ್ಯಕ್ರಮ ಚೆನ್ನಾಗಿ ಆಗುತ್ತಿದ್ದದ್ದು ನಿಜವೇ ತಾನೆ?

ಪಕ್ಕದ ಮನೆಯ ಸಿದ್ದಮ್ಮ ಇದ್ದಳು. ಅವಳಿಗೂ ಅಜ್ಜಿಗೂ ಮೊದಲಿನಿಂದ ಒಂದು ದಿನ ಒಟ್ಟಿಗೆ ಊಟ, ಒಂದು ದಿನ ಮಾತು ಬಂದ್. ಈ ಸಿದ್ದಮ್ಮ ಯಾರದೋ ಮದುವೆಗೆಂದು ಮೂಡಿಗೆರೆಗೆ ಬಂದವಳು ಕೈ ತೊಳೆಯಲು ವೇದಿಕೆಯ ಹಿಂದೆ ಹೋಗಿ ನನ್ನನ್ನು ಕಂಡುಬಿಟ್ಟಳು. ವಾಪಸು ಹೋದವಳೇ ನಲ್ಲಿಯ ಹತ್ತಿರ ಎಲ್ಲರೆದುರು, "ಹುಚ್ಚಕ್ಕ, ನಿನ್ ಮೊಮ್ಮಗಳು ಹಾಡೋದೂ ಇಲ್ಲ ಎಂತದೂ ಇಲ್ಲ. ಹಿಂದ್ಗಡೆ ಕಂಬಳಿ ಹೊದ್ಕಂಡು ಪೆಟ್ಟಿಗೆ ಕಾಯ್ತಾಳೆ" ಎಂದಳಂತೆ. ಅಜ್ಜಿ ಕೊಡ ಕೆಳಗಿಟ್ಟು, "ನಿನ್ ಕಣ್ಣಿಗೆ ಮಣ್ಣು ಬಿತ್ತು. ನನ್ ಮಗು ಸುಳ್ಳು ಹೇಳಲ್ಲ" ಎಂದಳಂತೆ. ಲೈನಿನಲ್ಲಿ ಎರಡು ಪಕ್ಷ ಆಯಿತು. ಸಿದ್ದಮ್ಮನ ಪಕ್ಷವೇ ದೊಡ್ಡದಾಗಿತ್ತು.

ಈ ಸಂಗತಿಯನ್ನು ಅಜ್ಜಿ ನನಗೆ ಫೋನಿನಲ್ಲಿ ನಗುತ್ತ ಹೇಳಿದಳು, ಸಿದ್ದಮ್ಮನಿಗೆ ಅರಳುಮರಳು ಎಂಬಂತೆ. ನನಗೆ ಅನ್ನ ಸೇರಲಿಲ್ಲ. ಆ ವಾರವೇ ಅಜ್ಜಿಯಿಂದ ಇನ್ನೊಂದು ಫೋನು: "ಕೊಯ್ಲು ಮುಗೀತು. ಸಾವ್ಕಾರ್ರು ಈ ಸಲ ಊಟದ ಜೊತೆ ಆರ್ಕೆಸ್ಟ್ರಾ ಇಡ್ತಾರಂತೆ, ನಿಮ್ದೇ! ನಾನು ಎಲ್ರಿಗೂ ಹೇಳ್ಬಿಟ್ಟಿದೀನಿ. ಸಿದ್ದಿನ ಮುಂದಿನ ಸಾಲಲ್ಲೇ ಕೂರುಸ್ತೀನಿ."

ಸುರೇಂದ್ರಣ್ಣನ ಕಾಲಿಗೆ ಬೀಳುವುದೊಂದು ಬಾಕಿ. "ಒಂದೇ ಹಾಡು ಅಣ್ಣ. ನಮ್ಮಜ್ಜಿ ಎದುರು, ಒಂದೇ ಒಂದು" ಎಂದೆ.

ಅವನು ಬೇಜಾರು ಮಾಡಿಕೊಂಡ, ಸಿಟ್ಟು ಮಾಡಲಿಲ್ಲ. ಅದೇ ಇನ್ನೂ ಸಂಕಟ. "ನಾನು ಕೊಡಲ್ಲ ಅಂತಲ್ಲ ಧನ್ಯಾ. ನೀನು ಹಾಡ್ತಿರೋವಾಗ ಮೇಘಂಗೆ ಎಂತಾದ್ರೂ ಆದ್ರೆ ಆಮೇಲೆ ಯಾರು? ನೀನು ಆಗ್ಲೇ ಖರ್ಚಾಗಿ ಹೋಗಿರ್ತೀಯ."

ಮೇಘಕ್ಕನ ಹತ್ತಿರ ಅತ್ತೆ. ಮೂರು ವರ್ಷದಲ್ಲಿ ಒಂದು ಸೀನೂ ಬಾರದ ಆ ಗಟ್ಟಿ ಹೆಂಗಸು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಅಳ್ತೀಯ ಎಂತಕ್ಕೆ? ನಾನು ಕೆಮ್ತೀನಿ ಬಿಡು" ಎಂದಳು.

*

ಎಸ್ಟೇಟಿನ ಕಣದಲ್ಲಿ ಕಾರ್ಯಕ್ರಮ, ಮಧ್ಯಾಹ್ನದ ಊಟ ಆದ ಮೇಲೆ. ಕಾಫಿ ಒಣಗಿಸುವ ಸಿಮೆಂಟಿನ ಕಣ ಎಂದರೆ ಒಂದು ಶಾಲೆಯ ಮೈದಾನದಷ್ಟು ಅಗಲ. ಉಳಿದಿದ್ದ ಪಾರ್ಚ್‌ಮೆಂಟ್ ಕಾಫಿಬೀಜವನ್ನು ಒಂದು ಮೂಲೆಗೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿದ್ದರು. ನಮ್ಮ ಎರಡು ಪಿಕಪ್ಪು ಬಂದು ನಿಂತವು. ಮಲ್ಲಿಕಾರ್ಜುನಪ್ಪನವರು ಸ್ವತಃ ಬಂದು ಎರಡನೆಯದರೊಳಗೆ ಬಗ್ಗಿ ನೋಡಿದರು.

"ಇದ್ರಲ್ಲಿ ಎಂತದೂ ಇಲ್ವಲ್ಲ ಸುರೇಂದ್ರ?"

"ಇಲ್ಲ ಸಾರ್. ಅದು ಹಂಗೇ ಬರ್ತದೆ."

ಸಾಹುಕಾರರು ಇನ್ನೊಮ್ಮೆ ಬಗ್ಗಿ ನೋಡಿ, ಏನೋ ಯೋಚನೆ ಮಾಡುತ್ತ ಹೋದರು.

ಅಜ್ಜಿ ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತಿದ್ದಳು. ಮಡಿಕೆ ಬಿಚ್ಚದ ಹಸಿರು ಸೀರೆ, ಮುಡಿಯಲ್ಲಿ ಕನಕಾಂಬರ. ಪಕ್ಕದಲ್ಲಿ ಸಿದ್ದಮ್ಮ, ಕೈ ಕಟ್ಟಿಕೊಂಡು, ಪರೀಕ್ಷೆ ಮಾಡಲು ಬಂದ ಮೇಷ್ಟರ ಹಾಗೆ. ಅವರ ಹಿಂದೆ ಇಡೀ ಲೈನು. ನನ್ನನ್ನು ಕಂಡದ್ದೇ ಅಜ್ಜಿ ಎದ್ದು ನಿಂತು ಕೈ ಬೀಸಿದಳು. ನಾನು ಬೀಸಿದೆ. ಆಮೇಲೆ ಸುರೇಂದ್ರಣ್ಣ ನನ್ನ ಹೆಗಲಿಗೆ ಶಾಲು ಹೊದಿಸಿ ಹಿಂದಕ್ಕೆ ಕಳಿಸಿದ. ಸಿದ್ದಮ್ಮ ನಕ್ಕಿರಬೇಕು. ನೋಡಲು ನನಗೆ ಧೈರ್ಯ ಬರಲಿಲ್ಲ.

ಮೇಘಕ್ಕ ಒಂದು ಹಾಡು ಹೇಳಿದಳು. ಎರಡನೆಯದರ ಪಲ್ಲವಿಗೇ ಕೆಮ್ಮು ಶುರು ಮಾಡಿದಳು. ಎಂಥಾ ಕೆಮ್ಮು ಅಂತೀರಿ! ಮುದಿ ಜೀಪು ಚಳಿಗೆ ಸ್ಟಾರ್ಟ್ ಆಗುವಾಗಿನ ಕೆಮ್ಮು. ಅವಳು ನಾಟಕಕ್ಕೆ ಸೇರಬೇಕಿತ್ತು, ಸುಮ್ಮನೆ ಹಾಡಿಗೆ ಬಂದಳು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ಕೂತ್ಕೋ!" ಎಂದು ಸುರೇಂದ್ರಣ್ಣ ಓಡಿ ಬಂದ. "ಮೊದ್ಲು ರಿಪೇರಿ. ರಿಪೇರಿ ಆಗ್ಲಿಲ್ಲ ಅಂದ್ರೆ ಮಾತ್ರ ಸ್ಪೇರು."

ಮೇಘಕ್ಕನನ್ನು ಹಿಂದಕ್ಕೆ ಕರೆತಂದು ಜೇನುತುಪ್ಪ ನೆಕ್ಕಿಸಿದ. ಕಾಳುಮೆಣಸಿನ ಕಷಾಯ ಕುಡಿಸಿದ. ಉಪ್ಪುನೀರು ಮುಕ್ಕಳಿಸಲು ಕೊಟ್ಟ. ಇವೆಲ್ಲವೂ ಅವನ ಪೆಟ್ಟಿಗೆಯಲ್ಲಿದ್ದವು, ಪ್ರತಿಯೊಂದೂ ಎರಡೆರಡು ಬಾಟಲಿ. ಕೊನೆಗೆ ಗ್ಯಾಸ್ ಒಲೆ ಹಚ್ಚಿ ಪಾತ್ರೆಯಲ್ಲಿ ನೀರು ಕುದಿಸಿ, ಮೇಘಕ್ಕನ ತಲೆಯ ಮೇಲೆ ಟವೆಲ್ ಮುಚ್ಚಿ ಹಬೆ ಕೊಟ್ಟ. ಮುಂದೆ ಅರುಣ ಒಬ್ಬನೇ ಪ್ಯಾಡು ಬಾರಿಸುತ್ತ ಜನರನ್ನು ಹಿಡಿದಿಟ್ಟಿದ್ದ. ಟವೆಲಿನೊಳಗಿಂದ ಮೇಘಕ್ಕ, "ಹೋಯ್ತು ಸುರೇಂದ್ರ, ಸ್ವರಾನೇ ಇಲ್ಲ" ಎಂದು ಸ್ಪಷ್ಟವಾಗಿ ಹೇಳಿದಳು. ಪುಣ್ಯಕ್ಕೆ ಜನರೇಟರುಗಳ ಗದ್ದಲದಲ್ಲಿ ಅದು ಸ್ಪಷ್ಟವಾಗಿತ್ತೆಂದು ಅವನಿಗೆ ಗೊತ್ತಾಗಲಿಲ್ಲ.

ಸುರೇಂದ್ರಣ್ಣ ನನ್ನ ಕಡೆ ತಿರುಗಿದ. ಮೂರು ವರ್ಷದಿಂದ ಕಾಪಿಟ್ಟ ಡಬ್ಬಿಯ ಮುಚ್ಚಳ ತೆಗೆಯುವವನ ಹಾಗೆ ನನ್ನ ಶಾಲು ತೆಗೆದ. ನನ್ನ ಕಣ್ಣಲ್ಲಿ ನೀರು ಬಂತು. ಮೈಕಿನ ಕಡೆ ಒಂದು ಹೆಜ್ಜೆ ಇಟ್ಟೆ.

"ನಿಲ್ಲು" ಎಂದ. "ನೀನು ಹೋದ್ರೆ ನಿನ್ ಸ್ಪೇರ್ ಎಲ್ಲಿ?"

ಆ ಹೊತ್ತಿಗೆ ಕೈಯಲ್ಲಿ ಮೈಕಿನ ಸ್ಟ್ಯಾಂಡು ಇದ್ದಿದ್ದರೆ ಅವನ ತಲೆಗೇ ಹಾಕುತ್ತಿದ್ದೆ. ಅವನು ಮುಂದೆ ಹೋಗಿ ಮೈಕು ಹಿಡಿದು, "ಇಲ್ಲಿ ಯಾರಿಗಾದ್ರೂ ಹಾಡಕ್ಕೆ ಬರ್ತದಾ? ಹಾಡ್ಬೇಕು ಅಂತಿಲ್ಲ, ಹಿಂದ್ಗಡೆ ಸುಮ್ನೆ ಕೂತಿದ್ರೆ ಸಾಕು!" ಎಂದು ಕೂಗಿದ. ಜನ ಮುಖ ಮುಖ ನೋಡಿಕೊಂಡರು. ಇಂಥ ಕೆಲಸಕ್ಕೆ ಆಳು ಕರೆದದ್ದನ್ನು ಅವರು ಎಂದೂ ಕೇಳಿರಲಿಲ್ಲ. ಆಗ ಸಿದ್ದಮ್ಮ ಕೈ ಎತ್ತಿ ಪಕ್ಕಕ್ಕೆ ಬೆರಳು ತೋರಿಸಿದಳು.

"ಹುಚ್ಚಕ್ಕ ಹಾಡ್ತಾಳೆ. ಹಣ್ ಕೊಯ್ಯೋವಾಗ ಪದ ಹೇಳ್ತಾಳೆ. ಅವಳನ್ನ ಕರ್ಕಳಿ."

ಬೇಕೆಂದೇ ಮಾಡಿದಳು, ಆಣೆ ಮಾಡಿ ಹೇಳುತ್ತೇನೆ. ಆದರೆ ಅಜ್ಜಿ? ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದು, ಸಿದ್ದಮ್ಮನನ್ನು ಒಮ್ಮೆ ನೋಡಿ, ಸನ್ಮಾನಕ್ಕೆ ಕರೆದವಳ ಹಾಗೆ ನಡೆದು ಬಂದಳು.

"ಬೇಡ ಸುರೇಂದ್ರಣ್ಣ! ಅದು ನಮ್ಮಜ್ಜಿ. ನಾನು ಹಾಡೋದು ಕೇಳಕ್ಕೆ ಬಂದಿರೋದು" ಎಂದು ಅವನ ಅಂಗಿ ಹಿಡಿದು ಎಳೆದೆ.

ಅವನ ಮುಖ ಅರಳಿತು. "ನಿಮ್ಮಜ್ಜಿನಾ? ಅಂದ್ರೆ ಒಂದೇ ಕಂಪನಿ ಮಾಲು! ಇನ್ನೆಂತ ಬೇಕು ಮಾರಾಯ್ತಿ?"

ಅಜ್ಜಿಯನ್ನು ನನ್ನ ಕುರ್ಚಿಯಲ್ಲಿ ಕೂರಿಸಿದ. ನನ್ನ ಶಾಲನ್ನೇ ಅವಳ ಹೆಗಲಿಗೆ ಹೊದಿಸಿದ.

"ಎಂತ ಮಾಡ್ಬೇಕು ಮಗ?" ಎಂದು ಅಜ್ಜಿ ಜನರೇಟರುಗಳ ಸದ್ದಿಗೆ ಕೂಗಿ ಕೇಳಿದಳು.

"ಎಂತದೂ ಮಾಡ್ಬಾರ್ದು ಅಜ್ಜಿ. ಎದ್ದು ಮಾತ್ರ ಹೋಗ್ಬಾರ್ದು."

"ಇಷ್ಟ್ ಸುಲಭದ ಕೆಲ್ಸ ಈ ತೋಟದಲ್ಲಿ ನಂಗೆ ಯಾರೂ ಕೊಟ್ಟಿರ್ಲಿಲ್ಲ!"

ಅವನು ಕೀಬೋರ್ಡಿಗೆ ಓಡಿದ. ಅಜ್ಜಿ ಶಾಲನ್ನು ಮುಟ್ಟಿ ನೋಡಿದಳು. ಕಾಲ ಬಳಿ ನನ್ನ ನೀರಿನ ಬಾಟಲಿ ಇತ್ತು, ಹೋದ ದೀಪಾವಳಿಗೆ ಅವಳೇ ಕೊಡಿಸಿದ್ದು. ಕುರ್ಚಿಯ ಕೈಗೆ ನಾನು ಬೇಸರಕ್ಕೆ ಸುತ್ತಿದ್ದ ಬಣ್ಣದ ದಾರ ಇತ್ತು, ಮೂರು ವರ್ಷದ ದಾರ. ಅಜ್ಜಿ ಅದರ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನ ಮುಖ ನೋಡಿದಳು.

"ಸಿದ್ದಿ ಹೇಳಿದ್ದು ಹೌದಾ?"

ಕಿವಿಯ ಹತ್ತಿರ ಬಾಗಿ, "ಹೌದಜ್ಜಿ" ಎಂದೆ. ನಾಚಿಕೆಯಿಂದ ಸತ್ತೇಹೋಗುತ್ತೇನೆ ಅನಿಸಿತು. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ನನ್ನ ಸೊಂಟಕ್ಕೆ ಒಂದು ತಳ್ಳು ಕೊಟ್ಟಳು.

"ಹಂಗಾದ್ರೆ ಈಗ ಹೋಗಿ ಹಾಡು. ಸಿದ್ದಿ ಮುಂದೇ ಕೂತವಳೆ."

ಹೋದೆ. ಕಣದ ತುಂಬ ಮುಖಗಳು. ನಡುವೆ ಅಜ್ಜಿಯ ಖಾಲಿ ಕುರ್ಚಿ, ಅದರ ಪಕ್ಕ ಸಿದ್ದಮ್ಮ. ಸುರೇಂದ್ರಣ್ಣ ಶ್ರುತಿ ಕೊಟ್ಟ. ತಾಯಿಯ ಮೇಲಿನ ಒಂದು ಹಳೆಯ ಸಿನಿಮಾ ಹಾಡು, ಅಜ್ಜಿ ನನ್ನನ್ನು ತೊಟ್ಟಿಲಲ್ಲಿ ತೂಗುವಾಗ ಅರ್ಧಂಬರ್ಧ ಹೇಳುತ್ತಿದ್ದದ್ದು. ಮೊದಲ ಸಾಲು ಹೇಳಿದೆ. ನನ್ನ ಸ್ವರ ಅಷ್ಟು ದೊಡ್ಡದಾಗಿ ಹೊರಗೆ ಬಂದದ್ದನ್ನು ನಾನೇ ಕೇಳಿರಲಿಲ್ಲ. ಹಿಂದೆ ತಿರುಗಿ ನೋಡಿದೆ. ಪರದೆಯ ಸಂದಿಯಲ್ಲಿ ಅಜ್ಜಿ ಕಾಣುತ್ತಿದ್ದಳು. ಕಿವಿಗೆ ಅಂಗೈ ಹಿಡಿದು ಮುಂದೆ ಬಾಗಿದ್ದಳು. ಅಕ್ಕಪಕ್ಕದಲ್ಲಿ ಎರಡು ಜನರೇಟರು ಗುಡುಗುತ್ತಿದ್ದವು. ಅವಳು ಕೈ ಬದಲಿಸಿ ಇನ್ನೊಂದು ಕಿವಿಗೆ ಹಿಡಿದಳು. ಆಮೇಲೆ ನನ್ನನ್ನು ಕಂಡು, ಕೇಳಿಸುತ್ತಿದೆ ಎಂಬಂತೆ ಜೋರಾಗಿ ತಲೆಯಾಡಿಸಿದಳು.

ಕೇಳಿಸುತ್ತಿರಲಿಲ್ಲ. ಆ ಕುರ್ಚಿಯಲ್ಲಿ ಏನು ಕೇಳಿಸುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಹಾಡನ್ನು ಅಲ್ಲಿಗೇ ನಿಲ್ಲಿಸಿದೆ. ಕಣದಲ್ಲಿ ಗುಸುಗುಸು ಎದ್ದಿತು. ಸುರೇಂದ್ರಣ್ಣ ಕೀಬೋರ್ಡಿನಿಂದಲೇ, "ಅಯ್ಯೋ, ಸ್ಪೇರೂ ಕೆಟ್ಟೋಯ್ತು! ಅರುಣ, ಅಜ್ಜಿನ ತಗಂಬಾ!" ಎಂದು ಕಿರುಚಿದ.

"ಯಾರೂ ಯಾರನ್ನೂ ತರೋದು ಬೇಡ" ಎಂದೆ ಮೈಕಿನಲ್ಲೇ.

ಮೈಕು ಬಿಟ್ಟು ಹಿಂದಕ್ಕೆ ನಡೆದೆ. ಅಜ್ಜಿಯ ಪಕ್ಕದಲ್ಲಿ ಕವರು ಹೊದ್ದು ನಿಂತಿದ್ದ ಸ್ಪೇರ್ ಸ್ಪೀಕರಿನ ಜಿಪ್ಪು ಎಳೆದೆ. ಸುರೇಂದ್ರಣ್ಣ ಓಡಿ ಬಂದು ಕೈ ಅಡ್ಡ ಹಿಡಿದ.

"ಬೇಡ ಧನ್ಯಾ! ಅದನ್ನ ಇಲ್ಲೀವರ್ಗೆ ಬಿಚ್ಚೇ ಇಲ್ಲ!"

"ನನ್ನೂ ಬಿಚ್ಚಿರ್ಲಿಲ್ಲ, ಈಗ ಬಿಚ್ಚಿದ್ಯಲ್ಲ? ಸರಿ ಆಚೆ!"

ಸ್ಪೇರ್ ಮಿಕ್ಸರು ಎಳೆದೆ. ಸ್ಪೇರ್ ಮೈಕಿನ ಡಬ್ಬಿ ಹಲ್ಲಿನಲ್ಲಿ ಕಚ್ಚಿ ತೆಗೆದೆ. ಅರುಣ ಪ್ಯಾಡಿನ ಕೋಲು ಕೆಳಗೆ ಹಾಕಿ ಬಂದ. ವೈರು ಚುಚ್ಚತೊಡಗಿದ, ಅವನಿಗೂ ಸಾಕಾಗಿತ್ತು. ಮೇಘಕ್ಕ ಟವೆಲು ಬಿಸಾಡಿ, ಚೆನ್ನಾಗಿರುವ ಸ್ವರದಲ್ಲಿ, "ಆ ಜನರೇಟರ್ ಒಂದನ್ನ ಸಾಯ್ಸ್ರೋ!" ಎಂದು ಕೂಗಿ ತಾನೇ ಹೋಗಿ ಮೇನ್ ಜನರೇಟರಿನ ಗುಂಡಿ ಒತ್ತಿದಳು. ವೇದಿಕೆಯ ಮೇಲಿನದೆಲ್ಲ ಸತ್ತಿತು. ಇನ್ನೊಂದನ್ನು ತೋಟದ ನಾಲ್ಕು ಜನ ತಳ್ಳಿಕೊಂಡು ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಹಿಂದಕ್ಕೆ ಒಯ್ದರು. ವೈರು ಸಾಲದೆ ಬಂದಾಗ ಸ್ಪೇರ್ ಸುರುಳಿಗೆ ಮೇನ್ ಸುರುಳಿಯನ್ನು ಸೇರಿಸಿದೆವು. ಇಷ್ಟಾದರೂ ಅಜ್ಜಿ ಕುರ್ಚಿ ಬಿಟ್ಟು ಅಲುಗಲಿಲ್ಲ. "ಎದ್ದು ಹೋಗ್ಬಾರ್ದು ಅಂದವ್ರೆ" ಎಂದು ಕಾಲು ಮಾತ್ರ ಮೇಲೆತ್ತಿ ವೈರಿಗೆ ದಾರಿ ಬಿಟ್ಟಳು.

ಅಷ್ಟರಲ್ಲಿ ಮುಂದೆ ಕೂತವರಿಗೆ ಏನಾಗುತ್ತಿದೆ ಎಂದೇ ತಿಳಿಯದೆ ಕುತೂಹಲ. ಮಲ್ಲಿಕಾರ್ಜುನಪ್ಪನವರು ಎದ್ದು, ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು, ವೇದಿಕೆ ಸುತ್ತಿ ಹಿಂದಕ್ಕೆ ಬಂದು ಇಟ್ಟು ಕೂತರು. ಸಾಹುಕಾರರೇ ಕುರ್ಚಿ ಹೊತ್ತ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಇಡೀ ಲೈನು ಕುರ್ಚಿ ತಲೆಯ ಮೇಲಿಟ್ಟುಕೊಂಡು ಬಂತು. ಸಿದ್ದಮ್ಮ ಎರಡು ಹೊತ್ತು ತಂದಳು, ತನ್ನದೊಂದು, ಅಜ್ಜಿಯ ಖಾಲಿ ಕುರ್ಚಿ ಒಂದು. ಯಾಕೆ ತಂದಳೋ, ಅವಳನ್ನೇ ಕೇಳಬೇಕು.

ಸುರೇಂದ್ರಣ್ಣ ಖಾಲಿಯಾದ ಕಣಕ್ಕೆ ಮುಖ ಮಾಡಿ, ಸತ್ತ ಸ್ಪೀಕರುಗಳ ನಡುವೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. "ಎಲ್ಲಾ ಸ್ಪೇರೂ ಖರ್ಚಾಯ್ತು. ಒಂದೂ ಉಳೀಲಿಲ್ಲ" ಎಂದು ಗೊಣಗುತ್ತಿದ್ದ. ನಿಜ ಹೇಳುತ್ತೇನೆ, ಅಯ್ಯೋ ಅನಿಸಿತು. ಎಷ್ಟೆಂದರೂ ಮಳೆಗಾಲದಲ್ಲಿ ನನ್ನನ್ನು ಬೆಚ್ಚಗಿಟ್ಟವನು.

ಮೇಘಕ್ಕ ಅವನ ಹತ್ತಿರ ಹೋಗಿ ಕೈ ಹಿಡಿದೆಬ್ಬಿಸಿದಳು. "ಇದೆಲ್ಲ ಈಗ ಓಡ್ತಿದ್ಯಾ?" ಎಂದು ವೇದಿಕೆ ತೋರಿಸಿದಳು.

"ಇಲ್ಲ."

"ಸುಮ್ನೆ ಕೂತಿದೆ ಅಲ್ವಾ? ನಾನೂ ಸುಮ್ನೆ ಕೂರ್ತೀನಿ. ಹಂಗಾದ್ರೆ ನಾವೇ ಸ್ಪೇರು."

ಸುರೇಂದ್ರಣ್ಣ ಕೀಬೋರ್ಡಿನಿಂದ ಸ್ಪೀಕರಿಗೆ, ಸ್ಪೀಕರಿನಿಂದ ಮೇಘಕ್ಕನಿಗೆ ಬೆರಳು ಮಾಡಿ ಲೆಕ್ಕ ಹಾಕಿದ. ಎಲ್ಲವೂ ಜೊತೆಜೊತೆಯಾಗಿ ಸರಿಹೋಯಿತು. ಮುಖದಲ್ಲಿ ರಕ್ತ ಮರಳಿತು. ಓಡಿಹೋಗಿ ಬಿದ್ದಿದ್ದ ಕವರುಗಳನ್ನೆಲ್ಲ ಆರಿಸಿ ತಂದು ಮೇನ್ ಸೆಟ್ಟಿಗೆ ಹೊದಿಸಿದ, ಅಂಚು ಎಳೆದು ಮಡಿಕೆ ಸರಿಮಾಡಿದ. ಅಜ್ಜಿಯ ಹೆಗಲಿನ ಶಾಲನ್ನು ಕೇಳಿ ಪಡೆದು ಮೇಘಕ್ಕನಿಗೆ ಹೊದಿಸಿದ. ಆಮೇಲೆ ನೆಮ್ಮದಿಯಿಂದ ಬಂದು, ಪ್ಲಾಸ್ಟಿಕ್ ಹಾಳೆಯನ್ನೂ ತೆಗೆದಿರದ ಹೊಸ ಕೀಬೋರ್ಡಿನ ಮುಂದೆ ಕೂತು, "ಯಾವ ಶ್ರುತಿ?" ಎಂದು ಕೇಳಿದ.

ನಾನು ಅಜ್ಜಿಯ ಎದುರು ನಿಂತೆ. ಎರಡು ಮಾರು ದೂರ, ಅಷ್ಟೇ. ಜನರೇಟರು ಪಲ್ಪರ್ ಮನೆಯಾಚೆ ಎಲ್ಲೋ ಗುಂಯ್‌ಗುಡುತ್ತಿತ್ತು. ಅಜ್ಜಿಯ ಹಿಂದೆ ಅರ್ಧಚಂದ್ರದ ಹಾಗೆ ಇಡೀ ಲೈನು.

"ಅಜ್ಜಿ, ಈಗ ಕೇಳುಸ್ತದಾ?" ಎಂದೆ ಮೈಕಿನಲ್ಲಿ. ತೋಟದ ಆಚೆ ಗುಡ್ಡಕ್ಕೆ ಹೋಗಿ ನನ್ನ ಮಾತು ವಾಪಸು ಬಂತು.

"ಕಿವಿ ಒಡೆಸ್ಬೇಡ. ಹಾಡು" ಎಂದಳು.

ಶುರು ಮಾಡಿದೆ. ಮೊದಲ ಸಾಲು ಮುಗಿಯುವ ಹೊತ್ತಿಗೆ ಅಜ್ಜಿ ಎದ್ದು ನಿಂತಳು. ಕುರ್ಚಿಯನ್ನು ಎತ್ತಿ ಪೂರ್ತಿ ತಿರುಗಿಸಿ, ನನಗೆ ಬೆನ್ನು ಹಾಕಿ ಕೂತಳು. ಸಿಟ್ಟು ಮಾಡಿಕೊಂಡಳೇ? ಮೂರು ವರ್ಷದ ಮೋಸಕ್ಕೆ ಈಗ ಮುಖ ತಿರುಗಿಸಿದಳೇ? ಆದರೂ ಹಾಡು ಬಿಡಲಿಲ್ಲ, ಅವಳ ಬೆನ್ನಿಗೇ ಹಾಡುತ್ತ ಹೋದೆ. ಪಲ್ಲವಿ ಮುಗಿದು ಚರಣಕ್ಕೆ ಬಂದಾಗ ನನಗೆ ಅರ್ಥವಾಯಿತು. ಅಜ್ಜಿ ಹಾಡು ಕೇಳುತ್ತಿರಲಿಲ್ಲ. ಮೊಣಕಾಲ ಮೇಲೆ ಕೈಯೂರಿ ಮುಂದೆ ಬಾಗಿ, ಲೈನಿನ ಒಬ್ಬೊಬ್ಬರ ಮುಖವನ್ನೂ ಒಂದೂ ಬಿಡದೆ ನೋಡುತ್ತಿದ್ದಳು. ಹಣ್ಣು ಆರಿಸುವಾಗ ನೋಡುತ್ತಾಳಲ್ಲ, ಹಾಗೆ. ಕೊನೆಗೆ ಸಿದ್ದಮ್ಮನ ಮುಖದ ಮೇಲೆ ನಿಂತಳು. ಸಿದ್ದಮ್ಮ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದಳು.

ಅಜ್ಜಿ ನನ್ನ ಕಡೆ ತಿರುಗಲೇ ಇಲ್ಲ. ಬೆನ್ನ ಹಿಂದಕ್ಕೆ ಕೈ ಚಾಚಿ ಬೆರಳಾಡಿಸಿ, "ಇನ್ನೂ ಜೋರಾಗಿ ಹಾಡೇ. ಸಿದ್ದಿಗೆ ಕಿವಿ ಮಂದ" ಎಂದಳು.

ನಾನು ಜೋರಾಗಿ ಹಾಡಿದೆ.